ಹಸಿರು ಹಾಳೆ

ಕದ್ರಿಯ ‘ಹೊಸಹೆಜ್ಜೆ’ ವೃತ್ತಿ ಸಲಹಾ ಕೇಂದ್ರದಲ್ಲಿ ಎಲ್ಲರ ಅರ್ಜಿಗೂ ನಾಲ್ಕು ಬಿಳಿ ಹಾಳೆ. ರುಖಿಯಾಳ ಅರ್ಜಿಗೆ ಮಾತ್ರ ಐದನೆಯದು ಒಂದಿತ್ತು. ಅದು ಹಸಿರು.

ಅವಳ ತಾಯಿ ಮುಮ್ತಾಝ್ ಮೊದಲು ಅದನ್ನು ಗಮನಿಸಲಿಲ್ಲ. ಅವಳು ಆ ಸೋಮವಾರ ಬೆಳಗ್ಗೆ ಎದ್ದು ಇನ್ನೂರು ಬೀಡಿ ಕಟ್ಟಿ, ಮಗಳನ್ನು ಕರೆದುಕೊಂಡು ಅಡ್ಯಾರ್ ಕಣ್ಣೂರಿನಲ್ಲಿ ಬಸ್ಸು ಹತ್ತಿ, ಪಂಪ್‌ವೆಲ್ಲಿನಲ್ಲಿ ಇನ್ನೊಂದಕ್ಕೆ ಬದಲಿಸಿ, ನಂತೂರಿನಲ್ಲಿ ಲಾರಿಗಳ ನಡುವೆ ರಸ್ತೆ ದಾಟಿ ಏದುಸಿರು ಬಿಡುತ್ತ ಬಂದಿದ್ದಳು. ಮೆತ್ತನೆಯ ಕುರ್ಚಿಯ ತುದಿಯಲ್ಲಿ ಕೂತು ಎ.ಸಿ.ಯ ಚಳಿಗೆ ಬುರ್ಖಾದ ತೋಳು ಎಳೆದುಕೊಳ್ಳುವುದರಲ್ಲೇ ಇದ್ದಳು.

ಸಲಹೆಗಾರ್ತಿ ಆಶಾಲತಾ ಬಂದವಳೇ ಎದೆಯ ಮೇಲೆ ಕೈಯಿಟ್ಟು ಅಸ್ಸಲಾಮು ಅಲೈಕುಂ ಅಂದಳು. ನೀರು ಬೇಕಾ ಎಂದು ಕೇಳುವ ಮೊದಲು ನಮಾಜಿನ ಕೋಣೆ ತೋರಿಸಿದಳು. ಕೋಣೆಯೆಂದರೆ ಕಕ್ಕಸಿನ ಪಕ್ಕದ ಉಗ್ರಾಣ. ಹಳೆಯ ಪ್ರಿಂಟರುಗಳ ನಡುವೆ ಒಂದು ಚಾಪೆ, ಗೋಡೆಯಲ್ಲಿ ದಿಕ್ಕು ತೋರಿಸಲು ಒಂದು ಬಾಣ. ಬಾಣ ಪೂರ್ವಕ್ಕಿತ್ತು. ಮಂಗಳೂರಿನಲ್ಲಿ ಕಡಲು ಯಾವ ಕಡೆಗಿದೆಯೋ ಆ ಕಡೆಗೆ ನಿಂತು ನಮಾಜು ಮಾಡುತ್ತಾರೆ ಎಂಬಷ್ಟನ್ನು ಊರಿನ ಯಾವ ರಿಕ್ಷಾದವನಾದರೂ ಹೇಳುತ್ತಿದ್ದ. ಬೆಳಗ್ಗೆ ಹತ್ತೂವರೆಗೆ ಯಾವ ನಮಾಜು ಎಂದು ಮುಮ್ತಾಝ್ ಕೇಳಲಿಲ್ಲ. ಒಳ್ಳೆಯದು ಮೇಡಂ ಅಂದಳು. ದೊಡ್ಡವರು ಮರ್ಯಾದೆ ಕೊಡಲು ಹೊರಟಾಗ ಅಡ್ಡ ಬರಬಾರದು ಎಂಬುದು ಬಡವರಿಗೆ ಯಾರೂ ಕಲಿಸದೆ ಬರುವ ವಿದ್ಯೆ.

ಆಶಾಲತಾಳದ್ದು ಗದ್ದೆ, ತೋಟ ಇದ್ದ ಮನೆತನ. ಈಗ ಗದ್ದೆಯ ಮೇಲೆ ಅಪಾರ್ಟ್‌ಮೆಂಟು, ಗಂಡನ ಹೆಸರಿನಲ್ಲಿ ಎರಡು ಹೋಟೆಲು. ಹೊತ್ತು ಹೋಗದೆ ಸಮಾಜಸೇವೆಗೆ ಇಳಿದವಳಲ್ಲ, ಓದಿಯೇ ಬಂದವಳು. ಅಲ್ಪಸಂಖ್ಯಾತರ ಸಂಸ್ಕೃತಿಗೆ ಧಕ್ಕೆ ಬಾರದಂತೆ ವೃತ್ತಿ ಸಲಹೆ ಕೊಡುವುದು ಹೇಗೆ ಎಂದು ಐದು ದಿನದ ತರಬೇತಿಯನ್ನೂ ಮಾಡಿಕೊಂಡಿದ್ದಳು. ಅದರ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ತಲೆಯ ಹಿಂದೆ ತೂಗುಹಾಕಿದ್ದಳು. ಹಸಿರು ಹಾಳೆ ಅವಳದ್ದೇ ಯೋಚನೆ. ಬಣ್ಣವನ್ನು ಆರಿಸಿದ್ದೂ ಅವಳೇ. ನಿಮ್ಮ ಬಣ್ಣ ಅಲ್ಲವಾ ಅಂತ ನಗುತ್ತ ಹೇಳಿದಳು.

ರುಖಿಯಾಳಿಗೆ ಇಪ್ಪತ್ತು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಮುಗಿಸಿದ್ದಳು. ಕೊಟ್ಟಾರದ ಒಂದು ಲಿಫ್ಟ್ ಕಂಪೆನಿ ಆರು ಮಂದಿಯನ್ನು ತರಬೇತಿಗೆ ತೆಗೆದುಕೊಳ್ಳುವುದಿತ್ತು. ಆರಕ್ಕೂ ಹೆಸರು ಈ ಕೇಂದ್ರದಿಂದಲೇ ಹೋಗಬೇಕು. ಕೇಂದ್ರದ ಪರೀಕ್ಷೆಗೆ ನಲವತ್ತು ಮಂದಿ ಕೂತಿದ್ದರು. ಮೊದಲು ಬಂದವಳು ರುಖಿಯಾ. ಬಾರದೆ ಇರುತ್ತಾಳೆಯೇ? ನೆರೆಮನೆಯ ಮಿಕ್ಸಿ, ಬಾವಿಯ ಪಂಪು, ಮದ್ರಸದ ಏಳು ಫ್ಯಾನು, ಎಲ್ಲವನ್ನೂ ಬಿಚ್ಚಿ ಜೋಡಿಸಿದ ಹುಡುಗಿ. ಮದ್ರಸದ ಉಸ್ತಾದರೇ ಹೇಳಿ ಕಳಿಸಿ ಕರೆಸುತ್ತಿದ್ದರು. ಏಣಿಯನ್ನು ಅವರೇ ಹಿಡಿದುಕೊಳ್ಳುತ್ತಿದ್ದರು.

ಆಶಾಲತಾ ಮಾರ್ಕ್ಸಿನ ಹಾಳೆಯನ್ನು ಬದಿಗೆ ಸರಿಸಿ ಇನ್ನೊಂದು ಪಟ್ಟಿ ಮುಂದಿಟ್ಟಳು. ಮೆಹೆಂದಿ, ಟೈಲರಿಂಗ್, ಮನೆಯಲ್ಲೇ ಮಾಡುವ ಬಿರಿಯಾನಿ, ಚಿಕ್ಕ ಮಕ್ಕಳಿಗೆ ಟ್ಯೂಷನ್. ಮೇಲೆ ದಪ್ಪ ಅಕ್ಷರದಲ್ಲಿ ‘ಸಮುದಾಯಕ್ಕೆ ಹೊಂದುವ ವೃತ್ತಿಗಳು’ ಎಂದಿತ್ತು.

“ಮಾರ್ಕ್ಸ್ ಒಳ್ಳೆದುಂಟು, ಇಲ್ಲ ಅಂತ ಅಲ್ಲ” ಅಂದಳು. “ಆದ್ರೆ ನಿಮ್ಮವರಲ್ಲಿ ಎಂತ ನಡೀತದೆ, ಎಂತ ನಡಿಯುದಿಲ್ಲ, ಅದನ್ನೂ ನಾವು ನೋಡ್ಬೇಕಲ್ಲ.”

“ನಮ್ಮವರು ಅಂದ್ರೆ ಯಾರು ಮೇಡಂ?” ರುಖಿಯಾ ಕೇಳಿದಳು. “ನಮ್ಮ ಮನೆಯಲ್ಲಿ ಇರುದು ನಾನು ಮತ್ತು ಉಮ್ಮ.”

ಆಶಾಲತಾ ಅದಕ್ಕೂ ನಕ್ಕಳು. ಲಿಫ್ಟೇ ಬೇಕೆಂದಾದರೆ ತನ್ನ ಅಡ್ಡಿ ಇಲ್ಲ, ಹಸಿರು ಹಾಳೆಯಲ್ಲಿ ಮನೆಯ ಗಂಡಸಿನ ಸಹಿ ಹಾಕಿಸಿಕೊಂಡು ಬನ್ನಿ, ಶುಕ್ರವಾರ ಸಂಜೆ ಐದರೊಳಗೆ ಕೇಂದ್ರದ ಶಿಫಾರಸು ಪತ್ರ ಕೊಟ್ಟಾರ ಸೇರಬೇಕು ಎಂದಳು.

ಹಾಳೆಯಲ್ಲಿ ಬರೆದದ್ದು ಇಷ್ಟೆ. ಈ ಯುವತಿ ಗಂಡಸರ ನಡುವೆ, ಮನೆಯಿಂದ ಹೊರಗೆ ದುಡಿಯಲು ನಮ್ಮ ಒಪ್ಪಿಗೆ ಇದೆ. ಕೆಳಗೆ ತಂದೆ, ಅಣ್ಣ, ಮಾವ ಎಂದು ಮೂರು ಚೌಕ. ತಾಯಿ ಎಂಬ ಚೌಕ ಇರಲಿಲ್ಲ.

ಪಕ್ಕದ ಕುರ್ಚಿಯಲ್ಲಿದ್ದ ಡ್ಯಾಫ್ನಿ ಎಂಬ ಕ್ರಿಸ್ತಿಯನ್ ಹುಡುಗಿಯೂ ಲಿಫ್ಟಿಗೇ ಬಂದವಳು. ಅವಳ ಅಪ್ಪ ಕುವೈತಿನಲ್ಲಿದ್ದ. ಅವನ ಸಹಿಯನ್ನು ಯಾರೂ ಕೇಳಲಿಲ್ಲ. ನಾಲ್ಕು ಹಾಳೆ ತುಂಬಿಸಿದಳು, ಪತ್ರ ತೆಗೆದುಕೊಂಡಳು, ಹೋದಳು.

ಗುಮಾಸ್ತ ಡೆನ್ಜಿಲ್ ಕೊಟ್ಟ ಪೆನ್ನಿನಿಂದ ಮುಮ್ತಾಝ್ ಅಲ್ಲೇ ಹಸಿರು ಹಾಳೆಯಲ್ಲಿ ತನ್ನ ಹೆಸರು ಬರೆದಳು. ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ. ರೇಷನ್ ಅಂಗಡಿಯ ಯಂತ್ರ ಅವಳ ಬೆರಳನ್ನು ಒಪ್ಪುವುದಿಲ್ಲ. ಇಪ್ಪತ್ತಾರು ವರ್ಷ ಬೀಡಿ ಸುರುಟಿ ಸುರುಟಿ ಬೆರಳ ತುದಿಯ ಗೆರೆಗಳೆಲ್ಲ ಸವೆದು ಹೋಗಿವೆ. ಬೆರಳ ಗುರುತಿಲ್ಲದಿದ್ದರೂ ಸಹಿ ಇದೆಯಲ್ಲ ಎಂಬುದು ಅವಳ ಹೆಮ್ಮೆ. ಡೆನ್ಜಿಲ್ ಹಾಳೆಯನ್ನು ನೋಡಿ, ಮೇಡಂ ಕಡೆ ನೋಡಿ, ವಾಪಸು ಕೊಟ್ಟ. ಇದು ನಡೆಯುವುದಿಲ್ಲ, ಗಂಡಸರೇ ಆಗಬೇಕು ಅಂದ. ಹೇಳುವಾಗ ಅವನಿಗೇ ನಾಚಿಕೆಯಾಯಿತು. ನಾಚಿಕೆಯಿಂದ ಏನು ಬಂತು? ಹಾಳೆ ವಾಪಸು ಬಂತು.

ಗಂಡಸನ್ನು ಮುಮ್ತಾಝ್ ಎಲ್ಲಿಂದ ತರಬೇಕು? ಗಂಡ ರುಖಿಯಾಳಿಗೆ ಐದು ತುಂಬುವ ಮೊದಲೇ ಕಡಲಾಚೆ ದಮಾಮಿಗೆ ದುಡಿಯಲು ಹೋಗಿ ಅಲ್ಲೇ ಇನ್ನೊಂದು ಮನೆ ಮಾಡಿಕೊಂಡ. ಇರುವುದೊಬ್ಬ ಅಣ್ಣ, ಶಾಹುಲ್. ಪಡೀಲಿನಲ್ಲಿ ಟಯರ್ ಪಂಕ್ಚರಿನ ಅಂಗಡಿ. ಮನೆಗೂ ಅಂಗಡಿಗೂ ನಡುವೆ ಬಸ್ಸಿನ ನಾಲ್ಕೈದು ಸ್ಟಾಪು. ಆರು ವರ್ಷದಲ್ಲಿ ಅವನು ಒಂದು ಸಲವೂ ಬಂದಿರಲಿಲ್ಲ. ಮುಮ್ತಾಝ್ ಶ್ವಾಸದ ತೊಂದರೆಯಾಗಿ ಸರಕಾರಿ ಆಸ್ಪತ್ರೆಯಲ್ಲಿ ಮೂರು ವಾರ ಮಲಗಿದ್ದಾಗ ರುಖಿಯಾ ಎಷ್ಟೋ ಸಲ ಫೋನ್ ಮಾಡಿದ್ದಳು. ಅವನು ಎತ್ತಲಿಲ್ಲ. ತಂಗಿ ಗಂಡ ಬಿಟ್ಟವಳು, ಎತ್ತಿದರೆ ಹೊರೆ ಹೆಗಲಿಗೆ ಬರುತ್ತದೆ ಎಂಬ ಹೆದರಿಕೆ.

ಅವನ ಸಹಿ ಕೇಳುವುದಿಲ್ಲ ಎಂದು ಮುಮ್ತಾಝ್ ಮನೆಗೆ ಮರಳುವ ಬಸ್ಸಿನಲ್ಲೇ ತೀರ್ಮಾನ ಮಾಡಿದ್ದಳು. ಆದರೆ ಬಿಳಿ ಹಾಳೆಯಲ್ಲಿ ತುರ್ತಿಗೆ ಇನ್ನೊಂದು ನಂಬರು ಕೊಡಿ ಎಂದಿದ್ದರು. ಕೊಡಲು ಬೇರೆ ನಂಬರಿಲ್ಲದೆ ರುಖಿಯಾ ಮಾಮನದ್ದು ಬರೆದಿದ್ದಳು. ಆಸ್ಪತ್ರೆಯಿಂದ ಫೋನ್ ಹೊಡೆದರೆ ಎತ್ತದ ಆ ನಂಬರು ಕೇಂದ್ರದಿಂದ ಹೊಡೆದ ಕೂಡಲೇ ಎತ್ತಿತು.

ಬುಧವಾರ ಆಶಾಲತಾ ಅವನನ್ನು ಕರೆಸಿದಳು. ಎ.ಸಿ. ಕೋಣೆಯಲ್ಲಿ ಕೂರಿಸಿದಳು, ಚಾ ತರಿಸಿದಳು, ಸರ್ ಎಂದಳು. ಈ ವಿಷಯದಲ್ಲಿ ನಿಮ್ಮ ಸಮುದಾಯದ ಭಾವನೆ ಏನು ಎಂದು ಕೇಳಿದಳು. ಹುಟ್ಟಿದಂದಿನಿಂದ ಶಾಹುಲ್‌ನನ್ನು ಯಾರೂ ಭಾವನೆ ಕೇಳಿದವರಲ್ಲ. ಅಂಗಡಿಯ ಮುಂದೆ ಕಾರು ನಿಲ್ಲಿಸಿ ಗಾಜು ಅರ್ಧ ಇಳಿಸಿ ಏ ಬ್ಯಾರಿ, ಗಾಳಿ ನೋಡು ಅನ್ನುವವರೇ ಎಲ್ಲ. ಅಂಥವನನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ ಇಡೀ ಸಮುದಾಯದ ಪರವಾಗಿ ಮಾತಾಡು ಎಂದರೆ ಯಾವನಾದರೂ ಉಬ್ಬುತ್ತಾನೆ. ಶಾಹುಲ್ ಅರ್ಧ ಗಂಟೆ ಮಾತಾಡಿದ. ಮಾತಾಡುತ್ತ ಮಾತಾಡುತ್ತ, ಅದುವರೆಗೆ ತನಗೆ ಇಲ್ಲದೆ ಇದ್ದ ಅಭಿಪ್ರಾಯಗಳೆಲ್ಲ ತನಗೆ ಇವೆಯೆಂದು ಅವನಿಗೆ ಗೊತ್ತಾಯಿತು.

ಅದೇ ದಿನ ಸಂಜೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಂಗಿಯ ಮನೆಗೆ ಬಂದ. ಮನೆಯ ಒಂದೇ ಕುರ್ಚಿಯಲ್ಲಿ ಕೂತ. ಮುಮ್ತಾಝ್ ನೆಲದಲ್ಲಿ ಕಾಲು ಚಾಚಿ, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ತಡ್ಪೆಯೆಂದರೆ ಅಕ್ಕಿ ಗೇರುವ ಮೊರ, ಬೀಡಿಯವರಿಗೆ ಅದೇ ಮೇಜು. ಅದರ ಒಂದು ಬದಿಗೆ ಕತ್ತರಿಸಿದ ಎಲೆ, ಇನ್ನೊಂದು ಬದಿಗೆ ಹೊಗೆಸೊಪ್ಪಿನ ಹುಡಿ, ನಡುವೆ ಕತ್ತರಿ, ನೂಲು. ಅವಳು ಕೈ ನಿಲ್ಲಿಸಲಿಲ್ಲ. ನಾಳೆ ಬೆಳಗ್ಗೆ ಕಟ್ಟಿದ ಬೀಡಿ ಎಣಿಸಿ ತೆಗೆದುಕೊಳ್ಳುವ ಬ್ರಾಂಚಿಗೆ ಕೊಡಬೇಕಾದದ್ದು ಅಣ್ಣ ಬಂದನೆಂದು ಕಡಿಮೆಯಾಗುವುದಿಲ್ಲ.

ಲಿಫ್ಟಿನ ಹೊಂಡಕ್ಕೆ ಇಳಿಯುವುದು, ಕಟ್ಟಡದ ಮೇಲೆ ಗಂಡಸರ ಜೊತೆ ನಿಲ್ಲುವುದು ನಮ್ಮ ಸಮುದಾಯದ ಹೆಣ್ಣು ಮಕ್ಕಳಿಗೆ ಹೇಳಿದ್ದಲ್ಲ ಎಂದು ಶಾಹುಲ್ ತೀರ್ಪು ಕೊಟ್ಟ. ಕೇಂದ್ರದವರು ಹೊಲಿಗೆ ಮೆಷಿನ್ ಕೊಡುತ್ತಾರಂತೆ, ಅದನ್ನು ತೆಗೆದುಕೊಂಡು ಮನೆಯಲ್ಲಿರಲಿ ಅಂದ.

“ಕಾಕ, ಅವಳು ಐಟಿಐಗೆ ಎರಡು ವರ್ಷ ಹೋದಳು. ನಿನಗೆ ಗೊತ್ತುಂಟಾ?” ಮುಮ್ತಾಝ್ ಕೇಳಿದಳು. ಬ್ಯಾರಿಗಳಿಗೆ ಕಾಕ ಅಂದರೆ ಅಣ್ಣ.

ಅವನಿಗೆ ಗೊತ್ತಿರಲಿಲ್ಲ.

“ಗೊತ್ತಿಲ್ಲದಿದ್ದಾಗ ನಿನ್ನ ಸಮುದಾಯಕ್ಕೆ ಎಂತ ಆಯ್ತು?”

ಶಾಹುಲ್ ಎದ್ದ. ತನ್ನನ್ನು ಆಫೀಸಿನವರೇ ಕೇಳಿದ್ದಾರೆ, ಹೇಳುವ ಹಕ್ಕು ತನ್ನದು, ತಾನು ಬೇಡ ಎಂದಾಗಿದೆ ಅಂದ. ಹಕ್ಕು ಎಂಬ ಮಾತು ಅವನ ಬಾಯಲ್ಲಿ ಹೊಸತಾಗಿತ್ತು. ಕದ್ರಿಯಿಂದ ತಂದದ್ದು.

ಗುರುವಾರ ಡೆನ್ಜಿಲ್ ಫೋನ್ ಮಾಡಿದ. ಕುಟುಂಬದ ಆಕ್ಷೇಪ ಇರುವುದರಿಂದ ಪತ್ರ ಕೊಡಲಾಗುವುದಿಲ್ಲ, ಕಡತ ಮುಚ್ಚಿದೆ, ಟೈಲರಿಂಗಿಗೆ ಹೆಸರು ಹಾಕಿದ್ದೇವೆ ಎಂದ. ರುಖಿಯಾ ಫೋನನ್ನು ಕೆಳಗಿಟ್ಟು ಗೋಡೆಗೆ ಮುಖ ಮಾಡಿ ಕೂತಳು. ಮಗಳು ಅತ್ತಿದ್ದರೆ ಮುಮ್ತಾಝ್ ಸಮಾಧಾನ ಮಾಡುತ್ತಿದ್ದಳು. ಅವಳು ಅಳಲಿಲ್ಲ. ಹೊಲಿಗೆಯೇ ಕಲಿಯುತ್ತೇನೆ ಉಮ್ಮ, ಬಿಡು ಅಂದಳು. ಆ ‘ಬಿಡು’ ಕೇಳಿ ಮುಮ್ತಾಝ್ ಕಟ್ಟುತ್ತಿದ್ದ ಬೀಡಿಯನ್ನು ತಡ್ಪೆಗೆ ಎಸೆದಳು. ತನ್ನ ಉಮ್ಮ ನಾಲ್ಕನೇ ಕ್ಲಾಸಿನಲ್ಲಿ ಶಾಲೆ ಬಿಡಿಸಿ ತಡ್ಪೆ ಕೊಟ್ಟ ದಿನ ತಾನೂ ಹೀಗೇ ಆಗಲಿ ಎಂದಿದ್ದಳು. ಇಪ್ಪತ್ತು ವರ್ಷ ಈ ಮಗುವಿನ ಬೆರಳಿಗೆ ಎಲೆ ಮುಟ್ಟಿಸದೆ ಸಾಕಿದ್ದು ಇದಕ್ಕೆಯೇ?

ಶುಕ್ರವಾರ ಬೆಳಗ್ಗೆ ಮುಮ್ತಾಝ್ ತಡ್ಪೆಯನ್ನು ಬಟ್ಟೆಯಲ್ಲಿ ಕಟ್ಟಿ ಕಂಕುಳಲ್ಲಿಟ್ಟುಕೊಂಡಳು. ಹಿಂದಿನ ಸಲ ಕೇಂದ್ರದಲ್ಲಿ ಕಾದು ದಿನದ ಬೀಡಿ ತಪ್ಪಿ ಬ್ರಾಂಚಿನವನ ಬಾಯಿಯಿಂದ ಕೇಳಬಾರದ್ದನ್ನು ಕೇಳಿದ್ದಳು. ಈ ಸಲ ಕಾಯುವುದಾದರೆ ಕೈ ಖಾಲಿ ಇಟ್ಟು ಕಾಯುವುದಿಲ್ಲ. ರುಖಿಯಾ ಬೇಡ ಬೇಡ ಅನ್ನುತ್ತಲೇ ಹಿಂದಿನಿಂದ ಬಂದಳು.

ಮೇಡಂ ಮೀಟಿಂಗಿನಲ್ಲಿದ್ದಾರೆ ಎಂದ ಡೆನ್ಜಿಲ್. ಹನ್ನೊಂದಾಯಿತು. ಹನ್ನೆರಡಾಯಿತು. ಕೈಯಿರುವ ಕುರ್ಚಿಯಲ್ಲಿ ತಡ್ಪೆ ಕೂರುವುದಿಲ್ಲ. ಮುಮ್ತಾಝ್ ಹೊಳೆಯುವ ನೆಲದ ಮೇಲೆ ಆಶಾಲತಾಳ ಬಾಗಿಲಿಗೆ ಎದುರಾಗಿ ಕಾಲು ಚಾಚಿ ಕೂತಳು. ಎಲೆ ಕತ್ತರಿಸಿದಳು. ಹುಡಿ ತುಂಬಿದಳು. ಸುರುಟಿದಳು, ನೂಲು ಸುತ್ತಿದಳು, ತುದಿ ಮಡಚಿದಳು. ಹೊಗೆಸೊಪ್ಪಿನ ಘಾಟು ಎ.ಸಿ.ಯ ಗಾಳಿಯಲ್ಲಿ ಮೂಲೆ ಮೂಲೆಗೆ ಹೋಯಿತು. ಅರ್ಜಿ ಹಿಡಿದು ಸಾಲಿನಲ್ಲಿದ್ದ ಹುಡುಗ ಹುಡುಗಿಯರು ಕೆಮ್ಮಿದರು. ಅವಳು ಇದೇ ಘಾಟಿನಲ್ಲಿ ಮಗುವನ್ನು ಹೊತ್ತವಳು, ಹಾಲೂಡಿದವಳು, ಇದೇ ಘಾಟಿನಿಂದ ಶ್ವಾಸ ಕೆಡಿಸಿಕೊಂಡವಳು. ಇವರು ಒಂದು ಗಂಟೆ ಕೆಮ್ಮಲಿ.

ಆಶಾಲತಾ ಮೂಗಿಗೆ ಕರವಸ್ತ್ರ ಹಿಡಿದು ಹೊರಗೆ ಬಂದಳು. ದನಿ ಎತ್ತಲಿಲ್ಲ. ಇದು ಆಫೀಸು, ಇದನ್ನೆಲ್ಲ ಇಲ್ಲಿ ಮಾಡಬಾರದು ಎಂದು ಮೆಲ್ಲಗೆ ಹೇಳಿದಳು.

“ನಮ್ಮವರಿಗೆ ಹೊಂದುವ ಕೆಲಸ ಅಂತ ಪಟ್ಟಿ ಮಾಡಿದ್ರಲ್ಲ ಮೇಡಂ” ಅಂದಳು ಮುಮ್ತಾಝ್. “ಮನೆಯೊಳಗೆ ಕೂತು, ಗಂಡಸರ ಮುಖ ನೋಡದೆ ಮಾಡುವ ಕೆಲಸ. ಅದು ಇದೇ. ಇಪ್ಪತ್ತಾರು ವರ್ಷ ಮಾಡಿದ್ದೇನೆ. ಹೊಂದ್ತದಾ ಅಂತ ನೋಡಿ.”

ಎತ್ತಿ ತೋರಿಸಿದ ಹತ್ತು ಬೆರಳನ್ನು ಆಶಾಲತಾ ನೋಡಲಿಲ್ಲ. ನಿಮ್ಮ ಸಂಸ್ಕೃತಿಗೆ ಗೌರವ ಕೊಟ್ಟೇ ಅಣ್ಣನನ್ನು ಕೇಳಿದ್ದು, ನಿಮ್ಮವರೇ ಬೇಡ ಎಂದರೆ ತಾನೇನು ಮಾಡಲಿ ಎಂದಳು.

“ಆ ಕಾಕ ಆರು ವರ್ಷ ನನ್ನ ಮನೆಯ ಬಾಗಿಲು ನೋಡ್ಲಿಲ್ಲ. ಅವನಿಗೆ ನನ್ನ ಮಗಳ ಮೇಲೆ ಹಕ್ಕು ಇರ್ಲೇ ಇಲ್ಲ ಮೇಡಂ. ನೀವು ಕೊಟ್ಟದ್ದು.” ಮುಮ್ತಾಝ್ ಇನ್ನೊಂದು ಎಲೆ ತೆಗೆದಳು. “ಈ ಕುರ್ಚಿಯಲ್ಲಿ ಕೂತುಕೊಳ್ಳಲಿಕ್ಕೆ ನೀವು ಯಾರ ಸಹಿ ತಂದಿದ್ದೀರಿ? ಅದನ್ನು ತೋರಿಸಿ, ನಾನು ನನ್ನ ಅಣ್ಣನದ್ದು ತರ್ತೇನೆ.”

ಆಶಾಲತಾಳ ಮುಖ ಕೆಂಪಾಯಿತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಫೋನ್ ಮಾಡಿದಳು. ಯಾರಿಗೆ? ಪೊಲೀಸರಿಗಲ್ಲ. ಶಾಹುಲ್‌ಗೆ. ನಿಮ್ಮ ತಂಗಿಯನ್ನು ಬಂದು ಕರೆದುಕೊಂಡು ಹೋಗಿ ಸರ್ ಎಂದದ್ದು ಹೊರಗೆ ಎಲ್ಲರಿಗೂ ಕೇಳಿಸಿತು.

ಜುಮ್ಮಾ ನಮಾಜು ಮುಗಿಸಿ ಮೂರು ಗಂಟೆಗೆ ಶಾಹುಲ್ ಬಂದ. ತಂಗಿ ನೆಲದ ಮೇಲೆ, ಸುತ್ತ ಎಲೆಯ ಚೂರು, ನೋಡುತ್ತ ನಿಂತ ಪರವೂರಿನ ಮಕ್ಕಳು. ಅವನಿಗೆ ಮಾನ ಹೋದಂತಾಯಿತು. ಆಶಾಲತಾ ಹೊಸದೊಂದು ಹಸಿರು ಹಾಳೆಯನ್ನೂ ಪೆನ್ನನ್ನೂ ಅವನ ಕೈಗೆ ಕೊಟ್ಟಳು. ನೀವು ಒಪ್ಪಿದ್ದೇನೆ ಎಂದು ಸಹಿ ಹಾಕಿಬಿಡಿ ಸರ್, ಐದು ನಿಮಿಷದಲ್ಲಿ ಪತ್ರ ಕೊಟ್ಟು ಇವರನ್ನು ಕಳಿಸುತ್ತೇನೆ ಎಂದಳು. ಬುಧವಾರ ಬೇಡವಾದ ಸಮುದಾಯಕ್ಕೆ ಶುಕ್ರವಾರ ಬೇಕಾಗಬಹುದು ಎಂಬುದು ಅವಳಿಗೆ ವಿಚಿತ್ರವಾಗಿ ಕಾಣಲಿಲ್ಲ. ಶಾಹುಲ್‌ಗೂ ಕಾಣಲಿಲ್ಲ. ಹಾಳೆಯನ್ನು ಡೆನ್ಜಿಲ್‌ನ ಮೇಜಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದ.

ರುಖಿಯಾ ಪೆನ್ನಿನ ತುದಿಯನ್ನೇ ನೋಡುತ್ತ ನಿಂತಿದ್ದಳು. ಒಂದು ಸಹಿ. ಅದು ಬಿದ್ದರೆ ಕೆಲಸ ಅವಳದ್ದು.

ಮುಮ್ತಾಝ್ ಎದ್ದು ಬಂದು ಅವನ ಪೆನ್ನಿನ ಅಡಿಯಿಂದ ಹಾಳೆ ಎಳೆದುಕೊಂಡಳು. ಕತ್ತರಿ ಕೈಯಲ್ಲೇ ಇತ್ತು. ಬೀಡಿ ಎಲೆ ಕತ್ತರಿಸುವ ಅಳತೆಗೆ, ಅಷ್ಟೇ ವೇಗಕ್ಕೆ, ಹಾಳೆಯನ್ನು ತುಂಡು ತುಂಡು ಮಾಡಿದಳು. ಗೆರೆ ಹಾಕಿ ಕೊಯ್ದರೂ ಅಷ್ಟು ನೇರ ಬರುತ್ತಿರಲಿಲ್ಲ.

“ಇವತ್ತು ನೀನು ಸಹಿ ಹಾಕಿದ್ರೆ ನಾಳೆ ತೆಗೀಬಹುದು, ಕಾಕ” ಅಂದಳು. “ರಜೆಗೆ ನಿನ್ನ ಸಹಿ, ಸಂಬಳಕ್ಕೆ ನಿನ್ನ ಸಹಿ, ಬಡ್ತಿಗೆ ನಿನ್ನ ಸಹಿ. ನನಗೆ ಬೇಡ.”

ಮಗಳ ಕಡೆ ತಿರುಗಿದಳು. ಇಷ್ಟು ಹೊತ್ತು ಇಲ್ಲದ ಹೆದರಿಕೆ ಆಗ ಬಂತು. ಕತ್ತರಿಸಿದ್ದು ತನ್ನ ಬದುಕಲ್ಲ, ಈ ಹುಡುಗಿಯದ್ದು.

ರುಖಿಯಾ ಉಮ್ಮನನ್ನು ನೋಡಿದಳು, ನೆಲದ ಮೇಲಿನ ಹಸಿರು ತುಂಡುಗಳನ್ನು ನೋಡಿದಳು. ಆಮೇಲೆ ಆಶಾಲತಾಳ ಎದುರು ಹೋಗಿ ನಿಂತಳು. ಪರೀಕ್ಷೆಯಲ್ಲಿ ಮೊದಲು ಬಂದ ಇಪ್ಪತ್ತು ವರ್ಷದ ಹುಡುಗಿಗೆ ಮಾವನ ಸಹಿ ಇಲ್ಲ ಎಂಬ ಕಾರಣಕ್ಕೆ ಪತ್ರ ಕೊಡುವುದಿಲ್ಲ ಎಂದು ಬರೆದು ಸೀಲು ಹಾಕಿ ಕೊಡಿ, ಅದನ್ನೇ ಕೊಟ್ಟಾರಕ್ಕೆ ತೆಗೆದುಕೊಂಡು ಹೋಗುತ್ತೇನೆ ಎಂದಳು.

“ಹಾಗೆಲ್ಲ ಬರೀಲಿಕ್ಕೆ ಆಗುದಿಲ್ಲ ಮಾರಾಯ್ತಿ” ಅಂದಳು ಆಶಾಲತಾ.

“ಬರೀಲಿಕ್ಕೆ ಆಗದ್ದನ್ನು ಮಾಡ್ಲಿಕ್ಕೆ ಹೇಗೆ ಆಯ್ತು ಮೇಡಂ?”

ಸಾಲಿನಲ್ಲಿದ್ದ ಒಬ್ಬಳು ಮೊಬೈಲು ಮೇಲೆತ್ತಿ ಹಿಡಿದಿದ್ದಳು. ಆಶಾಲತಾ ಅದನ್ನು ಕಂಡಳು. ಮರ್ಯಾದಸ್ಥರ ಮನಸ್ಸು ಬದಲಾಗುವುದಕ್ಕೆ ಕಾರಣ ಬೇಕಿಲ್ಲ, ಯಾರೋ ನೋಡುತ್ತಿದ್ದಾರೆ ಎಂದಾದರೆ ಸಾಕು. ಅವಳು ಡೆನ್ಜಿಲ್‌ಗೆ ಸನ್ನೆ ಮಾಡಿದಳು. ಶಿಫಾರಸು ಪತ್ರ ಟೈಪಾಯಿತು, ಪ್ರಿಂಟಾಯಿತು, ಸೀಲು ಬಿತ್ತು. ರುಖಿಯಾ ಕೈ ಚಾಚುವ ಮೊದಲು ಮುಮ್ತಾಝ್ ತೆಗೆದುಕೊಂಡಳು. ಅಕ್ಷರಕ್ಕೆ ಅಕ್ಷರ ಕೂಡಿಸಿ, ಪ್ರತಿ ಸಾಲಿನ ಕೆಳಗೆ ಬೆರಳು ಎಳೆಯುತ್ತ ಓದಿದಳು. ಗಡಿಯಾರದಲ್ಲಿ ನಾಲ್ಕು ದಾಟಿತ್ತು. ಎಲ್ಲರೂ ಕಾದರು. ಅವಳಿಗಾಗಿ ಆಫೀಸೊಂದು ಕಾದದ್ದು ಅದೇ ಮೊದಲು.

ಐದನೇ ಸಾಲಿನಲ್ಲಿ ಬೆರಳು ನಿಂತಿತು. ‘ಕುಟುಂಬದ ಹಿರಿಯರಾದ ಶ್ರೀ ಶಾಹುಲ್ ಹಮೀದ್ ಅವರ ಸಮ್ಮುಖದಲ್ಲಿ’ ಎಂದಿತ್ತು.

“ಇದನ್ನು ತೆಗೀರಿ.”

ಅದೊಂದು ಸುಮ್ಮನೆ ಸಾಲು, ಹೊತ್ತಾಗುತ್ತದೆ, ಮೊದಲು ಪತ್ರ ಮುಟ್ಟಿಸಿ ಎಂದು ಆಶಾಲತಾ ಗೋಗರೆದಳು. ಶಾಹುಲ್ ಗೋಡೆ ನೋಡುತ್ತಿದ್ದ. ಮುಮ್ತಾಝ್ ಕಾಗದವನ್ನು ಮೇಜಿನ ಮೇಲಿಟ್ಟು ಪುನಃ ನೆಲದಲ್ಲಿ ಕೂತಳು. ಡೆನ್ಜಿಲ್ ಯಾರನ್ನೂ ಕೇಳಲಿಲ್ಲ. ಸಾಲು ತೆಗೆದ, ಇನ್ನೊಂದು ಪ್ರಿಂಟು ತಂದ. ಅವಳು ಮತ್ತೆ ಮೊದಲಿನಿಂದ ಓದಿದಳು. ಕೊನೆಗೆ ಮಡಚಿ ಮಗಳ ಕೈಗೆ ಕೊಟ್ಟಳು. ರಿಕ್ಷಾ ಹಿಡಿ, ಬಸ್ಸಿಗೆ ಕಾಯಬೇಡ, ನಾನು ಆಮೇಲೆ ಬರ್ತೇನೆ ಎಂದಳು. ರುಖಿಯಾ ಮೆಟ್ಟಿಲಲ್ಲಿ ಓಡುವ ಸದ್ದು ಕೇಳಿಸಿತು.

“ಈಗ ಸಂತೋಷ ಆಯ್ತಲ್ಲ?” ಆಶಾಲತಾಳಿಗೆ ಸುಸ್ತಾಗಿತ್ತು.

“ಸಂತೋಷ ಎಂತದು ಮೇಡಂ? ಅದು ಸೋಮವಾರವೇ ಕೊಡ್ಬೇಕಾಗಿದ್ದ ಕಾಗದ.”

ಶಾಹುಲ್ ಬಾ ಹೋಗುವ ಎಂದು ಬಾಗಿಲಲ್ಲಿ ನಿಂತ. ಅವಳು ಅವನ ಕಡೆ ನೋಡಲೇ ಇಲ್ಲ. ಡೆನ್ಜಿಲ್‌ನ ಕಡೆ ತಿರುಗಿದಳು.

“ಆ ಹಸಿರು ಹಾಳೆಯ ಕಟ್ಟು ಎಲ್ಲಿ ಉಂಟು?”

ಇನ್ನು ಅದು ನಿಮಗೆ ಯಾಕೆ, ನಿಮ್ಮ ಮಗಳಿಗೆ ಪತ್ರ ಸಿಕ್ಕಿತಲ್ಲ ಎಂದಳು ಆಶಾಲತಾ. ಸೋಮವಾರ ಇನ್ನೊಬ್ಬಳು ಬರುತ್ತಾಳಲ್ಲ ಎಂದಳು ಮುಮ್ತಾಝ್. ಆಫೀಸು ಮುಚ್ಚುವ ಹೊತ್ತಾಯಿತು ಎಂದಳು ಆಶಾಲತಾ.

“ಮುಚ್ಚಿ. ನಾನು ಒಳಗೆ ಇರ್ತೇನೆ.”

ಡೆನ್ಜಿಲ್ ಮೇಡಂ ಕಡೆ ನೋಡಿದ. ಈ ಸಲ ನೋಡಿ ಸುಮ್ಮನಾಗಲಿಲ್ಲ. ಬಗ್ಗಿ ಕೆಳಗಿನ ಡ್ರಾಯರ್ ಎಳೆದ. ಇನ್ನೂರು ಮುನ್ನೂರು ಹಾಳೆ ಇದ್ದಿರಬಹುದು, ರಬ್ಬರ್ ಬ್ಯಾಂಡು ಹಾಕಿಟ್ಟ ಕಟ್ಟು. ಮುಮ್ತಾಝ್ ತಡ್ಪೆಯನ್ನು ಮಡಿಲಿಗೆ ಎಳೆದುಕೊಂಡು, ಕತ್ತರಿ ಹಿಡಿದು, ಇನ್ನೊಂದು ಕೈ ಚಾಚಿದಳು.